ಮುಖಕ್ಕೆ ಕೊಲಾಜೆನ್, ಕತ್ತಿಗೆ ಕಡಲೆಹಿಟ್ಟು: ಚರ್ಮ ಹೇಳುವುದನ್ನು ನಾವು ಕೇಳಿಸಿಕೊಳ್ಳುತ್ತಿದ್ದೇವಾ?

ಮೂವತ್ತು ದಾಟಿದ ಮೇಲೆ ನನ್ನ ಫೋನಿಗೆ ಬರುವ ಜಾಹೀರಾತುಗಳ ಜಾತಿಯೇ ಬದಲಾಗಿದೆ. ಮೊದಲೆಲ್ಲ ‘ಬೆಳ್ಳಗಾಗಿ’ ಅಂತಿದ್ದವರು ಈಗ ‘ವಯಸ್ಸನ್ನು ನಿಲ್ಲಿಸಿ’ ಅಂತಾರೆ. ಹಚ್ಚಿಕೊಳ್ಳುವ ಕಾಲ ಹಳೆಯದಾಯ್ತು, ಈಗ ಕುಡಿಯುವ ಕಾಲ. ಕೊಲಾಜೆನ್ ಪುಡಿ, ಬಯೋಟಿನ್ ಗಮ್ಮಿ, ಗ್ಲುಟಥಯೋನ್ ಮಾತ್ರೆ. ಒಂದು ಡಬ್ಬದ ಬೆಲೆ ಸಾವಿರಕ್ಕೆ ಕಮ್ಮಿ ಇಲ್ಲ, ಅದೂ ಒಂದು ತಿಂಗಳಿಗೆ. ಪಿಜಿಯಲ್ಲಿ ಬೆಳಗಿನ ತಿಂಡಿ ಬಿಟ್ಟು ಆಫೀಸಿಗೆ ಓಡುವ ಹುಡುಗಿಯರ ಟೇಬಲ್ ಮೇಲೂ ಈ ಡಬ್ಬಗಳನ್ನು ನೋಡಿದ್ದೇನೆ.

ಇದರ ಹಿಂದಿನ ಪ್ರಶ್ನೆ ಮಾತ್ರ ಸುಳ್ಳಲ್ಲ. ನಾವು ತಿನ್ನುವುದು ನಮ್ಮ ಚರ್ಮದ ಮೇಲೆ ಕಾಣಿಸುತ್ತಾ? ಖಂಡಿತ ಕಾಣಿಸುತ್ತೆ. ಆದರೆ ಜಾಹೀರಾತು ತೋರಿಸುವ ದಾರಿಯಲ್ಲಿ ಅಲ್ಲ. ಆ ದಾರಿ ಯಾವುದು ಅಂತ ತಿಳಿದರೆ ಬಹುಶಃ ಡಬ್ಬದ ದುಡ್ಡು ಉಳಿಯಬಹುದು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲೇ ಯಾರಿಗೋ ಶುರುವಾಗಿರುವ ಒಂದು ಕಾಯಿಲೆ ಮೊದಲೇ ಗೊತ್ತಾಗಬಹುದು.

ಮೊದಲು ಚರ್ಮದ ರಚನೆ ನೋಡೋಣ. ನಮಗೆ ಕಾಣುವ ಮೇಲ್ಪದರ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತೆ. ಕೆಳಗಿನಿಂದ ಹೊಸ ಜೀವಕೋಶಗಳು ಹುಟ್ಟಿ ಮೇಲೆ ಬಂದು, ಸತ್ತು, ಉದುರಿಹೋಗುತ್ತವೆ. ಅದರ ಕೆಳಗಿನದ್ದು ಒಳಪದರ. ರಕ್ತನಾಳಗಳಿರುವುದು ಅಲ್ಲಿ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳಿರುವುದೂ ಅಲ್ಲೇ. ಸುಕ್ಕು ಬೀಳುವುದು, ಜೋತುಬೀಳುವುದು ಮುಖ್ಯವಾಗಿ ಈ ಒಳಪದರದ ಕಥೆ. ಇಲ್ಲಿಗೆ ಸರಬರಾಜು ಬರುವುದು ರಕ್ತದ ಮೂಲಕ, ಅಂದರೆ ಊಟದ ಮೂಲಕ.

ಆದರೆ ದೇಹಕ್ಕೆ ಅದರದ್ದೇ ಆದ್ಯತೆಗಳಿವೆ. ಸಂಬಳ ಕಮ್ಮಿ ಬಂದ ತಿಂಗಳು ನಾವು ಬಾಡಿಗೆ, ರೇಷನ್ನು, ಸ್ಕೂಲ್ ಫೀಸು ಕಟ್ಟಿ ಗೋಡೆಗೆ ಸುಣ್ಣ ಬಳಿಯುವುದನ್ನು ಮುಂದಕ್ಕೆ ಹಾಕುತ್ತೇವಲ್ಲ, ಹಾಗೆ. ಪೋಷಕಾಂಶ ಕೊರತೆಯಾದಾಗ ಮೆದುಳು, ಹೃದಯದಂತಹ ಅಂಗಗಳಿಗೆ ಮೊದಲ ಪಾಲು. ಚರ್ಮ, ಕೂದಲು, ಉಗುರು ಸಾಲಿನ ಕೊನೆಯಲ್ಲಿ ನಿಂತಿರುತ್ತವೆ. ಹಾಗಾಗಿ ಕೊರತೆ ಎದ್ದು ಕಾಣುವುದು ಅಲ್ಲಿಯೇ.

ಕೊಲಾಜೆನ್ ಪುಡಿಯ ಲೆಕ್ಕ ಇಲ್ಲಿಂದ ಶುರು ಮಾಡಬೇಕು. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಭಾಗ ಕೊಲಾಜೆನ್ನೇ. ಮೂರು ಎಳೆಗಳನ್ನು ಹೆಣೆದ ಹಗ್ಗದಂಥ ರಚನೆ ಅದು. ಹದಿಹರೆಯ ಮುಗಿದು ವಯಸ್ಸಾಗುತ್ತಾ ಹೋದಂತೆ ಚರ್ಮದಲ್ಲಿ ಅದರ ಪ್ರಮಾಣ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತೆ. ಸರಿ, ಇಳಿದದ್ದನ್ನು ಕುಡಿದು ತುಂಬಿಸಿದರಾಯ್ತು ಅನ್ನುವುದು ಜಾಹೀರಾತಿನ ತರ್ಕ. ಟ್ಯಾಂಕ್ ಖಾಲಿಯಾದರೆ ನೀರು ಬಿಡುವ ಹಾಗೆ. ಆದರೆ ಹೊಟ್ಟೆಗೆ ಹೋದ ಕೊಲಾಜೆನ್ ಕೂಡಾ ಬೇಳೆ, ಮೊಟ್ಟೆಯ ಪ್ರೋಟೀನಿನ ಹಾಗೆಯೇ ತುಂಡುತುಂಡಾಗುತ್ತೆ. ಬಹುಪಾಲು ಅಮೈನೋ ಆಮ್ಲಗಳಾಗಿ, ಸ್ವಲ್ಪ ಭಾಗ ಪುಟ್ಟ ಪೆಪ್ಟೈಡ್‌ಗಳಾಗಿ ರಕ್ತ ಸೇರುತ್ತೆ. ಆ ಇಟ್ಟಿಗೆಗಳಿಂದ ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು ಅಂತ ನಿರ್ಧರಿಸುವುದು ದೇಹ. ಡಬ್ಬದ ಮೇಲೆ ಮುಖದ ಚಿತ್ರ ಇದೆ ಅಂತ ಅದು ಮುಖಕ್ಕೇ ಹೋಗಬೇಕೆಂದಿಲ್ಲ.

ಆ ಪುಟ್ಟ ಪೆಪ್ಟೈಡ್‌ಗಳೇ ಚರ್ಮದ ಜೀವಕೋಶಗಳಿಗೆ ‘ಕೊಲಾಜೆನ್ ಮಾಡು’ ಅಂತ ಸೂಚನೆ ಕೊಡುತ್ತವೆ ಅನ್ನುವ ವಾದವೊಂದಿದೆ. ಅದನ್ನು ತಳ್ಳಿಹಾಕುವ ಹಾಗಿಲ್ಲ, ಪ್ರಯೋಗಗಳೂ ಸಾಕಷ್ಟು ನಡೆದಿವೆ. 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಒಂದು ವಿಶ್ಲೇಷಣೆ ಇಂಥ 23 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ್ದ 1,474 ಜನರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿತು. ಎಲ್ಲವನ್ನೂ ಸೇರಿಸಿದಾಗ ಚರ್ಮದ ತೇವ, ಬಿಗಿ, ಸುಕ್ಕು ಮೂರರಲ್ಲೂ ಸುಧಾರಣೆ ಕಂಡಿತು. ಕಂಪನಿಗಳ ದುಡ್ಡಿನಲ್ಲಿ ನಡೆದ ಪ್ರಯೋಗಗಳನ್ನು ಒಂದು ಕಡೆ, ಹಾಗಲ್ಲದವನ್ನು ಇನ್ನೊಂದು ಕಡೆ ಇಟ್ಟಾಗ ಎರಡನೇ ಗುಂಪಿನಲ್ಲಿ ಪರಿಣಾಮ ಮಾಯ! ಗುಣಮಟ್ಟ ಚೆನ್ನಾಗಿದ್ದ ಪ್ರಯೋಗಗಳಲ್ಲೂ ಅದೇ ಕಥೆ. ಮೆಕ್ಯಾನಿಕಲ್ ಓದುವಾಗ ಲ್ಯಾಬಿನಲ್ಲಿ ರೀಡಿಂಗ್ ಮೊದಲೇ ಬರೆದುಕೊಂಡು ಆಮೇಲೆ ಪ್ರಯೋಗ ಮಾಡುತ್ತಿದ್ದ ಗೆಳೆಯರು ನೆನಪಾದರು. ಬಿಡಿ.

ಇನ್ನೊಂದು ತಮಾಷೆ ಇದೆ. ಕೊಲಾಜೆನ್ ಇರುವುದು ಪ್ರಾಣಿಗಳಲ್ಲಿ ಮಾತ್ರ. ಪುಡಿ ತಯಾರಾಗುವುದು ಮೀನಿನ ಚರ್ಮ-ಪೊರೆಯಿಂದ, ದನ-ಹಂದಿಯ ಚರ್ಮ-ಮೂಳೆಯಿಂದ. ಮನೆಯಲ್ಲಿ ಮೊಟ್ಟೆ ಬೇಯಿಸಲು ಬಿಡದವರ ಕಪಾಟಿನಲ್ಲೂ ಈ ಡಬ್ಬ ಇರುತ್ತೆ, ಮೀನಿನದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ‘ಸಸ್ಯಾಹಾರಿ ಕೊಲಾಜೆನ್’ ಅಂತ ಮಾರುವುದರಲ್ಲಿ ಸಾಮಾನ್ಯವಾಗಿ ಕೊಲಾಜೆನ್ನೇ ಇರುವುದಿಲ್ಲ, ವಿಟಮಿನ್ ಸಿ, ಒಂದಿಷ್ಟು ಗಿಡಮೂಲಿಕೆಯ ಸಾರ ಇರುತ್ತೆ. ಮತ್ತೆ, ಪ್ರೋಟೀನ್ ಆಗಿಯೂ ಕೊಲಾಜೆನ್ ಅಪೂರ್ಣ. ನಮಗೆ ಅತ್ಯಗತ್ಯವಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ. ಈ ಹೆಸರು ನೆನಪಿಟ್ಟುಕೊಳ್ಳಿ, ಜೋಳದ ವಿಷಯಕ್ಕೆ ಬಂದಾಗ ಮತ್ತೆ ಬರುತ್ತೆ.

ವಿಟಮಿನ್ ಸಿಯ ಮಾತು ಬೇರೆ. ಕೊಲಾಜೆನ್ ಹಗ್ಗದ ಮೂರು ಎಳೆ ಗಟ್ಟಿಯಾಗಿ ಹೊಸೆದುಕೊಳ್ಳಬೇಕಾದರೆ ಅದು ಬೇಕೇ ಬೇಕು. ಇಲ್ಲದಿದ್ದರೆ ಏನಾಗುತ್ತೆ ಅನ್ನುವುದನ್ನು ಹಡಗಿನ ನಾವಿಕರು ಶತಮಾನಗಟ್ಟಲೆ ಅನುಭವಿಸಿದರು. ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದು ವಸಡಲ್ಲಿ ರಕ್ತ, ಚರ್ಮದ ಮೇಲೆ ರಕ್ತದ ಚುಕ್ಕೆ, ಎಂದೋ ವಾಸಿಯಾಗಿದ್ದ ಹಳೇ ಗಾಯಗಳು ಮತ್ತೆ ಬಾಯ್ಬಿಡುವುದು. ಗಾಯದ ಕಲೆಯಲ್ಲಿ ಕೊಲಾಜೆನ್ ಒಡೆಯುತ್ತಾ, ಕಟ್ಟುತ್ತಾ ಇರುತ್ತೆ. ಕಟ್ಟುವುದು ನಿಂತರೆ ಹೊಲಿಗೆ ಬಿಚ್ಚಿದ ಹಾಗೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ 12 ಜನ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ವಾರದೊಳಗೆ ಚೇತರಿಸಿಕೊಂಡಿತು. ಬ್ರಿಟಿಷ್ ನೌಕಾಪಡೆ ಇದನ್ನು ಒಪ್ಪಿಕೊಂಡು ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಸರ್ಕಾರಿ ಫೈಲು ಅಲ್ಲೂ ಹಾಗೇ ಓಡುತ್ತಿತ್ತು ಅನ್ನಿ.

ನಮ್ಮಲ್ಲಿ ಇದಕ್ಕೆ ಮಾತ್ರೆ ಬೇಕಿಲ್ಲ. ಒಂದು ಬೆಟ್ಟದ ನೆಲ್ಲಿಕಾಯಿ ದಿನದ ಅಗತ್ಯವನ್ನು ಪೂರೈಸಿಬಿಡುತ್ತೆ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ಕಾಯಿಸಿದರೆ ಸಿ ನಾಶವಾಗುವುದರಿಂದ ಹಸಿಯಾಗಿ ತಿನ್ನಬೇಕು. ಒಲೆ ಆರಿಸಿದ ಮೇಲೆ ಚಿತ್ರಾನ್ನಕ್ಕೆ ನಿಂಬೆ ಹಿಂಡುವ ಅಮ್ಮಂದಿರು ಸರಿಯಾಗಿಯೇ ಮಾಡುತ್ತಿದ್ದಾರೆ. ಆದರೆ ಅಗತ್ಯಕ್ಕಿಂತ ಹತ್ತು ಪಟ್ಟು ತಿಂದರೆ ಚರ್ಮ ಹತ್ತು ಪಟ್ಟು ಹೊಳೆಯಲ್ಲ, ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತೆ.

ಈಗ ಜೋಳದ ವಿಷಯ. ಚರ್ಮ ಮತ್ತು ಊಟದ ಸಂಬಂಧ ತಿಳಿಯಲು ನಾವು ಹಡಗು ಹತ್ತಬೇಕಿಲ್ಲ, ದಖ್ಖನ್ ಪ್ರಸ್ಥಭೂಮಿಯಲ್ಲೇ ಕಥೆ ಇದೆ. ಪೆಲ್ಲಾಗ್ರಾ ಅಂತ ಒಂದು ಕಾಯಿಲೆ. ಇಟಾಲಿಯನ್ ಭಾಷೆಯಲ್ಲಿ ಹಾಗಂದರೆ ಒರಟು ಚರ್ಮ. ಬಿಸಿಲು ಬೀಳುವ ಕೈ, ಕಾಲು, ಕುತ್ತಿಗೆಯ ಚರ್ಮ ಸುಟ್ಟಂತೆ ಕಪ್ಪಾಗಿ, ಒಡೆದು ಸಿಪ್ಪೆ ಏಳುತ್ತೆ. ಕುತ್ತಿಗೆಯ ಸುತ್ತ ಸರ ಹಾಕಿದ ಹಾಗೆ ಪಟ್ಟಿ ಮೂಡುತ್ತೆ. ಭೇದಿ, ಮನಸ್ಸಿನ ಕಳವಳ, ಕೊನೆಗೆ ಸಾವು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಹಬ್ಬಿದಾಗ ಎಲ್ಲರೂ ಸೋಂಕು ಅಂದುಕೊಂಡರು. 1914ರಲ್ಲಿ ತನಿಖೆಗೆ ಹೋದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ, ಅನಾಥಾಲಯದ ಮಕ್ಕಳಿಗೆ ಬರುವ ಕಾಯಿಲೆ ಅವರ ಜೊತೆಗೇ ಇರುವ ಸಿಬ್ಬಂದಿಗೆ ಯಾಕೆ ಬರಲ್ಲ ಅಂತ ಕೇಳಿದರು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಹಾಲು, ಮಾಂಸ, ಮೊಟ್ಟೆ ಸಿಕ್ಕ ಮಕ್ಕಳು ಗುಣವಾದರು. ಕೊರತೆ ನಯಾಸಿನ್ ಎಂಬ ಬಿ ವಿಟಮಿನ್ನಿನದ್ದು ಅಂತ 1937ರಲ್ಲಿ ಗೊತ್ತಾಯ್ತು.

ಅಲ್ಲಿ ಅದು ಮೆಕ್ಕೆಜೋಳ ತಿನ್ನುವವರ ಕಾಯಿಲೆ. ನಮ್ಮಲ್ಲಿ ಬಿಳಿಜೋಳವೇ ಮುಖ್ಯ ಊಟವಾದ ದಖ್ಖನ್ನಿನ ಬಡ ಕೂಲಿಕಾರರಲ್ಲಿ ಕಾಣಿಸಿಕೊಂಡಿತು. ಹೈದರಾಬಾದಿನ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ (ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ) ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದರ ಬೆನ್ನುಹತ್ತಿ 1960ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದು ಕಾರಣವಿರಬಹುದು ಅನ್ನುವುದು ಅವರ ವಾದ. ಮುಂದೆ ಅದರ ಬಗ್ಗೆ ವಿಜ್ಞಾನಿಗಳ ನಡುವೆ ಬಹಳ ಜಗ್ಗಾಟ ನಡೆಯಿತು. ವಿವಾದವಿಲ್ಲದ ವಿಷಯ ಇಷ್ಟು: ನಮ್ಮ ದೇಹ ಟ್ರಿಪ್ಟೊಫ್ಯಾನ್‌ನಿಂದ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಬೇಳೆ, ಕಾಳು, ಹಾಲು, ಮೊಟ್ಟೆ, ಮಾಂಸದಲ್ಲಿ ಅದು ಸಿಗುತ್ತೆ.

ಹಾಗಂತ ಜೋಳ ಕೆಟ್ಟದ್ದಾ? ಅಯ್ಯೋ, ಖಂಡಿತ ಅಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ತಟ್ಟೆಯಲ್ಲಿ ಪೆಲ್ಲಾಗ್ರಾಕ್ಕೆ ಜಾಗವೇ ಇಲ್ಲ. ಶೇಂಗಾದಲ್ಲಿ ನಯಾಸಿನ್ ಧಾರಾಳ ಇದೆ. ಕಾಯಿಲೆ ಬಂದದ್ದು ರೊಟ್ಟಿಯ ಪಕ್ಕದಲ್ಲಿ ಖಾರದಪುಡಿ ಬಿಟ್ಟು ಬೇರೇನೂ ಇಲ್ಲದವರಿಗೆ. ಅದನ್ನು ಜೋಳದ ಕಾಯಿಲೆ ಅನ್ನುವುದಕ್ಕಿಂತ ಕೂಲಿಯ ಕಾಯಿಲೆ ಅಂದರೆ ಸರಿ.

ಇವತ್ತು ಪೆಲ್ಲಾಗ್ರಾ ಅಪರೂಪ. ಆದರೆ ಕೊರತೆಗಳು ಹೋಗಿಲ್ಲ, ರೂಪ ಬದಲಿಸಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ‘ಯಾಕೋ ಮುಖ ಡಲ್ ಆಗಿದೆಯಲ್ಲ’ ಅಂತ ಕೇಳಿಸಿಕೊಂಡು ಫೇಶಿಯಲ್ ಮಾಡಿಸಿಕೊಳ್ಳುವ ಎಷ್ಟು ಜನ ಹಿಮೋಗ್ಲೋಬಿನ್ ನೋಡಿಸಿಕೊಂಡಿದ್ದಾರೆ? ಮುಖ ಬಿಳಚಿಕೊಳ್ಳುವುದು, ಕೂದಲು ಉದುರುವುದು, ಉಗುರು ಚಮಚದ ಹಾಗೆ ಗುಳಿಬೀಳುವುದು ಕಬ್ಬಿಣದ ಕೊರತೆಯ ಚಿಹ್ನೆ. ಬಾಯಿಯ ಮೂಲೆ ಒಡೆಯುವುದು ಕಬ್ಬಿಣ ಅಥವಾ ಬಿ ವಿಟಮಿನ್‌ಗಳ ಕೊರತೆಯಿಂದ ಆಗಬಹುದು. ಬೆರಳಿನ ಗೆಣ್ಣುಗಳ ಮೇಲೆ ಇದ್ದಕ್ಕಿದ್ದ ಹಾಗೆ ಕಪ್ಪು ಕೂತರೆ ವೈದ್ಯರು ಬಿ12 ಪರೀಕ್ಷೆ ಮಾಡಿಸಿ ಅಂತಾರೆ. ಅದು ಸಿಗುವುದು ಹಾಲು-ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಊಟ ಆದ ಕೂಡಲೇ ಟೀ ಕುಡಿಯುವ ಅಭ್ಯಾಸ ಸೊಪ್ಪು-ಕಾಳಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದ ಹಾಗೆ ತಡೆಯುತ್ತೆ. ಅದೇ ಊಟಕ್ಕೆ ನಿಂಬೆ ಹಿಂಡಿಕೊಂಡರೆ ಹೀರಿಕೊಳ್ಳುವುದು ಹೆಚ್ಚುತ್ತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಜಿಲ್ಲೆಗಳೂ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಬೇಡದವರಿಗೆ ಬಾಳೆಹಣ್ಣಿನ ಆಯ್ಕೆ ಇದ್ದರೂ ಗಲಾಟೆ ನಿಲ್ಲಲಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಎಲ್ಲ ಅತ್ಯಗತ್ಯ ಅಮೈನೋ ಆಮ್ಲಗಳೂ ಇವೆ, ಟ್ರಿಪ್ಟೊಫ್ಯಾನ್ ಸೇರಿ. ಬಿ12 ಇದೆ. ರೊಟ್ಟಿ-ಅನ್ನವೇ ಮುಖ್ಯವಾದ ಊಟಕ್ಕೆ ಕಮ್ಮಿ ಬಿದ್ದಿರುವುದು ಅದೇ. ಬೆಂಗಳೂರಿನಲ್ಲಿ ಸಾವಿರ ರೂಪಾಯಿ ಕೊಟ್ಟು ಮೀನಿನ ಚರ್ಮದ ಪುಡಿ ಕುಡಿದರೆ ಅದು ‘ವೆಲ್‌ನೆಸ್’, ಯಾದಗಿರಿಯ ಮಗು ಏಳು ರೂಪಾಯಿಯ ಮೊಟ್ಟೆ ತಿಂದರೆ ಅದು ಸಂಸ್ಕೃತಿಗೆ ಅಪಚಾರ. ಈ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಮೊಡವೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಎಣ್ಣೆ ಪದಾರ್ಥ ತಿನ್ನಬೇಡ, ಚಾಕೊಲೇಟ್ ತಿನ್ನಬೇಡ’ ಅನ್ನುವುದು ಪ್ರತಿ ಮನೆಯ ಹದಿಹರೆಯದವರು ಕೇಳಿದ ಮಾತು. 1969ರ ಒಂದು ಅಮೆರಿಕನ್ ಅಧ್ಯಯನ ಚಾಕೊಲೇಟಿಗೂ ಮೊಡವೆಗೂ ಸಂಬಂಧವಿಲ್ಲ ಅಂದುಬಿಟ್ಟಿತು, ದಶಕಗಳ ಕಾಲ ಪಠ್ಯಪುಸ್ತಕಗಳು ಅದನ್ನೇ ಹೇಳಿದವು. ಆದರೆ ಅಲ್ಲಿ ಹೋಲಿಕೆಗೆ ಕೊಟ್ಟಿದ್ದ ನಕಲಿ ಚಾಕೊಲೇಟಿನಲ್ಲೂ ಸಕ್ಕರೆ, ಕೊಬ್ಬು ಅಷ್ಟೇ ಇತ್ತು! 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಹುಡುಗರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ದಢಕ್ಕನೆ ಏರಿಸದ ಊಟ ಮಾಡಿದವರ ಮೊಡವೆ ಗಣನೀಯವಾಗಿ ಇಳಿಯಿತು. ಅಂದರೆ ಎಣ್ಣೆಗಿಂತ ಮೈದಾ, ಸಕ್ಕರೆ, ತಂಪು ಪಾನೀಯವನ್ನು ಅನುಮಾನಿಸಬೇಕು. ಹಾಲಿನ ಮೇಲೂ ಸ್ವಲ್ಪ ಅನುಮಾನ ಇದೆ, ಆದರೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಜಿಮ್ ಸೇರಿ ವೇ ಪ್ರೋಟೀನ್ ಶುರು ಮಾಡಿದ ಮೇಲೆ ಬೆನ್ನು ತುಂಬ ಮೊಡವೆ ಎದ್ದರೆ ಅದನ್ನು ಒಂದೆರಡು ತಿಂಗಳು ನಿಲ್ಲಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಇನ್ನು ಬಿಸಿಲು. ಊಟದ ಬಗ್ಗೆ ಬರೆಯುತ್ತಾ ಇದನ್ನು ಬಿಟ್ಟರೆ ಅನ್ಯಾಯವಾಗುತ್ತೆ, ಯಾಕೆಂದರೆ ಮುಖದ ಚರ್ಮ ಮುದಿಯಾಗುವುದರಲ್ಲಿ ಅತಿ ದೊಡ್ಡ ಪಾಲು ಅದರದ್ದೇ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಅಮೆರಿಕದ ಟ್ರಕ್ ಚಾಲಕನ ಫೋಟೋ ಬಂದಿತ್ತು. 28 ವರ್ಷ ಟ್ರಕ್ ಓಡಿಸಿದ್ದ. ಕಿಟಕಿಯ ಕಡೆಗಿದ್ದ ಎಡಗೆನ್ನೆ ಬಲಗೆನ್ನೆಗಿಂತ ಹತ್ತಿಪ್ಪತ್ತು ವರ್ಷ ಹಿರಿಯನ ಹಾಗೆ ಸುಕ್ಕುಗಟ್ಟಿತ್ತು. ಎರಡೂ ಕೆನ್ನೆಗೆ ಊಟ ಒಂದೇ! ಗಾಜು ಚರ್ಮ ಸುಡುವ ಯುವಿ-ಬಿ ಕಿರಣವನ್ನು ತಡೆಯುತ್ತೆ, ಆಳಕ್ಕಿಳಿಯುವ ಯುವಿ-ಎಯನ್ನು ಬಿಡುತ್ತೆ. ನಮ್ಮ ಚಾಲಕರಿಗೆ ಇದು ಬಲಗೆನ್ನೆಯ ಪ್ರಶ್ನೆ.

ಆಸ್ಟ್ರೇಲಿಯಾದ ನ್ಯಾಂಬರ್ ಎಂಬ ಊರಿನಲ್ಲಿ 900ಕ್ಕೂ ಹೆಚ್ಚು ಜನರ ಮೇಲೆ ನಾಲ್ಕೂವರೆ ವರ್ಷ ಒಂದು ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2013ರಲ್ಲಿ. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಮ್ಮಿ ಮುದಿಯಾಗಿತ್ತು. ಅದೇ ಪ್ರಯೋಗದಲ್ಲಿ ಕೆಲವರಿಗೆ ದಿನಾ ಬೀಟಾ ಕ್ಯಾರೋಟಿನ್ ಮಾತ್ರೆ ಕೊಟ್ಟಿದ್ದರು, ಕ್ಯಾರೆಟ್‌ನಲ್ಲಿರುವ ಬಣ್ಣದ ಅಂಶ. ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಟೊಮೆಟೊ ಬಗ್ಗೆ ಮಾತ್ರ ಒಂದು ಸಣ್ಣ ಒಳ್ಳೆ ಸುದ್ದಿ: ಜರ್ಮನಿಯ 2001ರ ಪ್ರಯೋಗದಲ್ಲಿ ದಿನಾ 40 ಗ್ರಾಂ ಟೊಮೆಟೊ ಪೇಸ್ಟ್ ಎಣ್ಣೆಯ ಜೊತೆ 10 ವಾರ ತಿಂದವರ ಚರ್ಮ ಯುವಿ ಬೆಳಕಿಗೆ ಕೆಂಪಾಗುವುದು ಶೇ. 40ರಷ್ಟು ಕಮ್ಮಿಯಾಯ್ತು. ಬೇಯಿಸಿ, ಎಣ್ಣೆ ಹಾಕಿದಾಗ ಟೊಮೆಟೊದ ಲೈಕೋಪೀನ್ ದೇಹಕ್ಕೆ ಚೆನ್ನಾಗಿ ಸಿಗುತ್ತೆ. ನಮ್ಮ ಟೊಮೆಟೊ ಗೊಜ್ಜು ಅಷ್ಟೇ ತಾನೆ! ಆದರೂ ಗೊಜ್ಜು ತಿಂದು ಮಧ್ಯಾಹ್ನ ಕೊಡೆ ಇಲ್ಲದೆ ಹೊರಡುವಷ್ಟು ರಕ್ಷಣೆ ಅದು ಕೊಡುವುದಿಲ್ಲ.

ತರಕಾರಿಯಲ್ಲಿ ಒಳ್ಳೆಯದಾದದ್ದು ಮಾತ್ರೆಯಲ್ಲಿ ಇನ್ನೂ ಒಳ್ಳೆಯದು ಅನ್ನುವ ನಂಬಿಕೆ ಅಪಾಯಕ್ಕೂ ಒಡ್ಡಬಹುದು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು ನಡೆದ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯ್ತು. ಕೂದಲು-ಚರ್ಮಕ್ಕೆ ಅಂತ ಎಲ್ಲರೂ ನುಂಗುವ ಬಯೋಟಿನ್ನಿನ ಬಗ್ಗೆ 2017ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಹೆಚ್ಚು ಪ್ರಮಾಣದ ಬಯೋಟಿನ್ ರಕ್ತದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆ ತಪ್ಪು ತೋರಿಸಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆ ನಿಜಕ್ಕಿಂತ ಕಮ್ಮಿ ತೋರಿಸಬಹುದು. ನೀವು ಬಯೋಟಿನ್ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿ. ‘ವಿಟಮಿನ್ ತಾನೆ’ ಅಂತ ಬಿಡಬೇಡಿ.

ಇಷ್ಟರವರೆಗೆ ಹೇಳಿದ್ದು ಕಮ್ಮಿಯಾದದ್ದರ ಕಥೆ. ನಮ್ಮ ಕಾಲದ ದೊಡ್ಡ ಸಮಸ್ಯೆ ಹೆಚ್ಚಾದದ್ದರದು. ಸಕ್ಕರೆ.

ಕಾವಲಿಯ ಮೇಲೆ ದೋಸೆ ಕೆಂಪಗಾಗುತ್ತಲ್ಲ, ಅದಕ್ಕೆ ಮುಖ್ಯ ಕಾರಣ ಹಿಟ್ಟಿನಲ್ಲಿರುವ ಸಕ್ಕರೆಯೂ ಪ್ರೋಟೀನೂ ಬಿಸಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದು. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಹೆಸರಿನಲ್ಲೇ ಆ ಕ್ರಿಯೆ ಇದೆ. ನಮ್ಮ ದೇಹದ 37 ಡಿಗ್ರಿ ಉಷ್ಣತೆಯಲ್ಲೂ ಅದು ನಡೆಯುತ್ತೆ, ತುಂಬ ನಿಧಾನವಾಗಿ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಬೇಗ. ಡಯಾಬಿಟಿಸ್ ಇರುವವರೆಲ್ಲ ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ: ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಅಂತ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಮೂರು ತಿಂಗಳ ಲೆಕ್ಕ ಸಿಗುವುದು.

ರಕ್ತಕಣ ನಾಲ್ಕು ತಿಂಗಳಿಗೆ ಬದಲಾಗುತ್ತೆ. ಚರ್ಮದ ಕೊಲಾಜೆನ್ ಎಷ್ಟಕ್ಕೆ ಬದಲಾಗುತ್ತೆ ಗೊತ್ತಾ? ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2000ನೇ ಇಸವಿಯಲ್ಲಿ ಲೆಕ್ಕ ಹಾಕಿದ ಪ್ರಕಾರ ಅದರ ಅರ್ಧಾಯುಷ್ಯ ಸುಮಾರು 15 ವರ್ಷ. ಅಂದರೆ ಇವತ್ತು ನಿಮ್ಮ ಚರ್ಮದಲ್ಲಿರುವ ಕೊಲಾಜೆನ್ನಿನ ಅರ್ಧದಷ್ಟು 15 ವರ್ಷದ ನಂತರವೂ ಅಲ್ಲೇ ಇರುತ್ತೆ. ಕೀಲಿನ ಮೃದ್ವಸ್ಥಿಯದ್ದಂತೂ ನೂರು ವರ್ಷ ದಾಟುತ್ತೆ. ಇಷ್ಟು ಕಾಲ ಸಕ್ಕರೆ ಅಂಟುತ್ತಾ ಹೋದರೆ ಪಕ್ಕಪಕ್ಕದ ನಾರುಗಳ ನಡುವೆ ಬಿಚ್ಚಲಾಗದ ಗಂಟುಗಳು ಬೀಳುತ್ತವೆ. ಹಳೇ ಸ್ಕೂಟರಿನ ರಬ್ಬರ್ ಪೈಪು ಬಗ್ಗಿಸಿದರೆ ಮುರಿಯುತ್ತಲ್ಲ, ಅದಕ್ಕೂ ಒಂದು ಕಾರಣ ರಬ್ಬರಿನ ಅಣುಗಳ ನಡುವೆ ಕೊಂಡಿಗಳು ಅತಿಯಾಗಿ ಬೀಳುವುದು. ಒಂದು ಮಿತಿಯವರೆಗೆ ಕೊಂಡಿ ಬಲ ಕೊಡುತ್ತೆ, ಆಮೇಲೆ ಬಾಗುವ ಗುಣವೇ ಹೋಗುತ್ತೆ.

ಇದನ್ನು ನೋಡಲು ಮೈಕ್ರೋಸ್ಕೋಪ್ ಬೇಕಿಲ್ಲ. ಬಹಳ ವರ್ಷ ಡಯಾಬಿಟಿಸ್ ಇರುವ ಹಿರಿಯರಿಗೆ ನಮಸ್ಕಾರ ಮಾಡುವ ಹಾಗೆ ಕೈ ಜೋಡಿಸಲು ಹೇಳಿ. ಕೆಲವರಿಗೆ ಅಂಗೈ, ಬೆರಳು ಪೂರ್ತಿ ಕೂಡುವುದಿಲ್ಲ, ನಡುವೆ ಸಂದು ಉಳಿಯುತ್ತೆ. ಬೆರಳಿನ ಚರ್ಮ, ಸ್ನಾಯುರಜ್ಜುಗಳು ಬಿರುಸಾಗಿರುವುದರ ಗುರುತು ಅದು. ವೈದ್ಯರು ಅದನ್ನು ‘ಪ್ರಾರ್ಥನೆಯ ಚಿಹ್ನೆ’ ಅಂತಲೇ ಕರೆಯುತ್ತಾರೆ. ಮುಖಕ್ಕೂ ಇದು ಅನ್ವಯಿಸುತ್ತೆ. ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿ ಸುಮಾರು 600 ಜನರ ಫೋಟೋ ತೋರಿಸಿ ವಯಸ್ಸು ಊಹಿಸಲು ಹೇಳಿದಾಗ, ರಕ್ತದ ಸಕ್ಕರೆ ಹೆಚ್ಚಿದ್ದವರು ಹೆಚ್ಚು ವಯಸ್ಸಾದವರ ಹಾಗೆ ಕಂಡರು. ನಮ್ಮ ಅಳತೆಯಲ್ಲಿ 18 ಮಿಲಿಗ್ರಾಂ ಸಕ್ಕರೆ ಹೆಚ್ಚಾದರೆ ಸುಮಾರು ಐದು ತಿಂಗಳಷ್ಟು. ಇದು ಸಂಬಂಧ ಮಾತ್ರ, ಇದರಿಂದಲೇ ಅದಾಯ್ತು ಅನ್ನುವ ಸಾಬೀತಲ್ಲ.

ಆದರೆ ಸುಕ್ಕು ಬಿಡಿ, ವಯಸ್ಸಾದರೆ ಬರಲಿ. ನನಗೆ ಚಿಂತೆ ಇರುವುದು ಕತ್ತಿನ ಬಗ್ಗೆ.

ಕತ್ತಿನ ಹಿಂಭಾಗ, ಕಂಕುಳು, ಮೊಣಕೈಯ ಮಡಿಕೆಯಲ್ಲಿ ಚರ್ಮ ಕಪ್ಪಾಗಿ, ದಪ್ಪಗೆ, ವೆಲ್ವೆಟ್ ಬಟ್ಟೆಯ ಹಾಗೆ ಆಗುವುದನ್ನು ನೋಡಿರುತ್ತೀರಿ. ಹತ್ತು-ಹನ್ನೆರಡು ವರ್ಷದ ಮಕ್ಕಳಲ್ಲೂ ಈಗ ಕಾಣುತ್ತೆ. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರು ‘ಕೊಳೆ’. ‘ಸರಿಯಾಗಿ ಉಜ್ಜಿ ಸ್ನಾನ ಮಾಡು’ ಅಂತ ಬೈಗುಳ, ಆಮೇಲೆ ಕಡಲೆಹಿಟ್ಟು-ನಿಂಬೆ, ಆಮೇಲೆ ತೆಂಗಿನ ನಾರು. ಚರ್ಮ ಕೆಂಪಾಗಿ ಉರಿಯುತ್ತೆಯೇ ಹೊರತು ಕಪ್ಪು ಹೋಗಲ್ಲ, ಉಜ್ಜಿದಷ್ಟೂ ಜಾಸ್ತಿಯಾಗಬಹುದು. ಚಿನ್ನದ ಸರದ ಅಲರ್ಜಿ ಅಂತಾರೆ, ಬಿಸಿಲು ಅಂತಾರೆ. ಮದುವೆಗೆ ಬಂದ ಹುಡುಗಿಯಾದರೆ ಬ್ಯೂಟಿ ಪಾರ್ಲರಿನಲ್ಲಿ ಬ್ಲೀಚು.

ಅದರ ವೈದ್ಯಕೀಯ ಹೆಸರು ಅಕ್ಯಾಂಥೋಸಿಸ್ ನೈಗ್ರಿಕಾನ್ಸ್. ಬಹುತೇಕ ಸಲ ಅದರ ಅರ್ಥ ಇನ್ಸುಲಿನ್ ಪ್ರತಿರೋಧ. ನಾವು ತಿಂದ ಅನ್ನ, ರೊಟ್ಟಿ, ಸಿಹಿ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನು ಜೀವಕೋಶಗಳೊಳಗೆ ಸೇರಿಸುವುದು ಇನ್ಸುಲಿನ್. ಜೀವಕೋಶಗಳು ಅದರ ಮಾತಿಗೆ ಸರಿಯಾಗಿ ಓಗೊಡದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಜೀವಕೋಶಗಳಲ್ಲಿ ಬೆಳವಣಿಗೆಯ ಗುಂಡಿ ಒತ್ತಿಬಿಡುತ್ತೆ. ಮಡಿಕೆಗಳಲ್ಲಿ ಚರ್ಮ ದಪ್ಪವಾಗಿ ಬೆಳೆದು ಕಪ್ಪಾಗಿ ಕಾಣುತ್ತೆ. ಜೊತೆಗೆ ಕತ್ತಿನ ಸುತ್ತ ಪುಟ್ಟ ನರುಲಿಯಂಥ ತೊಗಲು ತೂಗಾಡಬಹುದು. ಹುಡುಗಿಯರಲ್ಲಿ ಪಿಸಿಒಎಸ್ ಇದ್ದರೂ ಹೀಗೆ ಕಾಣುವುದು ಸಾಮಾನ್ಯ.

ಇದರ ಬೆಲೆ ಏನೆಂದರೆ, ಈ ಹಂತದಲ್ಲಿ ಎಷ್ಟೋ ಜನರಿಗೆ ರಕ್ತದ ಸಕ್ಕರೆ ಇನ್ನೂ ನಾರ್ಮಲ್ ಇರುತ್ತೆ. ಲ್ಯಾಬ್ ರಿಪೋರ್ಟ್ ಸರಿ ಅನ್ನುವ ಕಾಲದಲ್ಲೇ ಕತ್ತು ಸುದ್ದಿ ಕೊಡುತ್ತಿರುತ್ತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿ ಇರುವವರು ವಾಪಸ್ ಬರಬಹುದು. ಅಲ್ಲಿ ನಿಂತಿದ್ದೇವೆ ಅಂತ ಗೊತ್ತಾಗಬೇಕು ಅಷ್ಟೇ.

ಹಾಗಾದರೆ ತಟ್ಟೆಯಲ್ಲಿ ಏನು ಬದಲಾಗಬೇಕು? ಅದೇ ಅಧ್ಯಯನದ 2025ರ ವರದಿ ಹೇಳುವಂತೆ ಭಾರತೀಯರ ದಿನದ ಶಕ್ತಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತೆ. ಬಿಳಿ ಅನ್ನ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾದ ಮಾತ್ರಕ್ಕೆ ಅಪಾಯ ಇಳಿಯಲಿಲ್ಲ ಅನ್ನುವುದೂ ಅದರಲ್ಲಿದೆ. ಇದು ನಮ್ಮ ರಾಗಿ ಅಭಿಮಾನಿಗಳಿಗೆ ಸ್ವಲ್ಪ ಬೇಸರ ತರಬಹುದು. ರಾಗಿಯಲ್ಲಿ ಸುಣ್ಣದ ಅಂಶ ಇದೆ, ನಾರು ಇದೆ, ನಿಜ. ಆದರೆ ನುಣ್ಣಗೆ ಬೀಸಿ ಮಾಡಿದ ಎರಡು ದೊಡ್ಡ ಮುದ್ದೆ, ತೆಳ್ಳಗಿನ ಸಾರು, ಆಮೇಲೆ ಒಂದಿಷ್ಟು ಅನ್ನ ಅಂದರೆ ಅದು ಹಿಟ್ಟಿನ ಮೇಲೆ ಹಿಟ್ಟು. ಹೊಲದಲ್ಲಿ ದಿನವಿಡೀ ದುಡಿಯುವ ದೇಹ ಅದನ್ನು ಕರಗಿಸುತ್ತಿತ್ತು. ಕುರ್ಚಿಯಲ್ಲಿ ಕೂತ ದೇಹಕ್ಕೆ ಒಂದು ಮುದ್ದೆ, ಅದರ ಜೊತೆ ಎರಡು ಸೌಟು ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರು, ಸೊಪ್ಪಿನ ಪಲ್ಯ, ತಿನ್ನುವವರಾದರೆ ಮೊಟ್ಟೆ-ಮೀನು ಸಾಕು. ಬೆಳಿಗ್ಗೆ ಮೂರು ಇಡ್ಲಿಯ ಜಾಗದಲ್ಲಿ ಎರಡು ಹೆಸರುಬೇಳೆ ದೋಸೆ. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಬೇಯಿಸಿದ ಶೇಂಗಾ.

ಟೀ-ಕಾಫಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸಾಧ್ಯವಾದರೆ ಸುಮಾರು 25 ಗ್ರಾಂಗಿಂತ ಹೆಚ್ಚು ಸಕ್ಕರೆ ಬೇಡ ಅನ್ನುತ್ತೆ. ಒಂದು ಲೋಟಕ್ಕೆ ಎರಡು ಚಮಚದಂತೆ ಮೂರು ಸಲ ಕುಡಿದರೆ ಅಲ್ಲಿಗೇ ಲೆಕ್ಕ ಮುಗೀತು. ಬೆಲ್ಲ ಹಾಕಿಕೊಂಡರೂ ಅದೇ ಲೆಕ್ಕ, ರಕ್ತಕ್ಕೆ ಬಣ್ಣ ಗೊತ್ತಾಗಲ್ಲ.

ಮನೆಯಲ್ಲಿ ಮಗುವಿನ ಅಥವಾ ನಿಮ್ಮದೇ ಕತ್ತಿನ ಹಿಂದೆ ಈ ಕಪ್ಪು ಕಂಡರೆ ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಬೈಯಬೇಡಿ, ನಗಬೇಡಿ. ಡಾಕ್ಟರಿಗೆ ತೋರಿಸಿ ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ ಮಾಡಿಸಿ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಅಂಕಿ ಏರುಪೇರಾಗಬಹುದು, ಹಾಗಾಗಿ ಹಿಮೋಗ್ಲೋಬಿನ್ನೂ ಅದೇ ದಿನ ನೋಡಿಸಿ. ಊಟ ಬದಲಾಗಿ, ನಡಿಗೆ ಶುರುವಾಗಿ, ತೂಕ ಸ್ವಲ್ಪ ಇಳಿದರೆ ಕತ್ತಿನ ಬಣ್ಣವೂ ನಿಧಾನಕ್ಕೆ ತಿಳಿಯಾಗುತ್ತೆ. ವಾರದಲ್ಲಿ ಅಲ್ಲ, ತಿಂಗಳುಗಳಲ್ಲಿ. ವಯಸ್ಸಾದವರಲ್ಲಿ, ಅದೂ ತೂಕ ಇಳಿಯುತ್ತಿರುವವರಲ್ಲಿ, ಈ ಕಪ್ಪು ಏಕಾಏಕಿ ಕಾಣಿಸಿಕೊಂಡು ಬೇಗ ಹರಡಿದರೆ ಮಾತ್ರ ತಿಂಗಳು ಕಾಯುವ ಹಾಗಿಲ್ಲ. ಅಪರೂಪಕ್ಕೆ ಅದು ಹೊಟ್ಟೆಯ ಕ್ಯಾನ್ಸರಿನ ಸೂಚನೆ ಆಗಿರುತ್ತೆ, ಆ ವಾರವೇ ಆಸ್ಪತ್ರೆಗೆ ಹೋಗಬೇಕು.